ಪ್ರಾಯಶ್ಚಿತ್ತ ಎಂಬ ಸಿದ್ಧ ಕಥೆ

ಯುದ್ಧ ಮಾಡಿ ಬಂದವರೊಬ್ಬರು ಆಮೇಲೆ ರೋಗಿಗಳ, ದಿಕ್ಕಿಲ್ಲದವರ ಸೇವೆಗೆ ನಿಂತರೆ ಅವರ ಬಗ್ಗೆ ಹೇಳಲು ನಮ್ಮಲ್ಲಿ ಒಂದು ಕಥೆ ಮೊದಲೇ ಸಿದ್ಧವಾಗಿರುತ್ತದೆ. ಕೊಂದದ್ದಕ್ಕೆ ಮನಸ್ಸು ಮರುಗಿತು, ಆ ಪಾಪ ತೊಳೆದುಕೊಳ್ಳಲು ಸೇವೆಗೆ ಇಳಿದರು ಎಂಬ ಕಥೆ. ಕಳಿಂಗ ಯುದ್ಧದ ಪಾಠ ಓದಿದ ಎಲ್ಲರಿಗೂ ಇದು ಬಾಯಿಪಾಠ. ಅಶೋಕನ ವಿಷಯದಲ್ಲೂ ಸಂಗತಿ ಅಷ್ಟು ನೇರವಾಗಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಅವನ ಪಶ್ಚಾತ್ತಾಪ ಇರುವುದು 13ನೆಯ ಬಂಡೆಗಲ್ಲು ಶಾಸನದಲ್ಲಿ. ಕಳಿಂಗದಲ್ಲೇ ಇರುವ ಧೌಲಿ, ಜೌಗಡಗಳಲ್ಲಿ ಆ ಶಾಸನ ಇಲ್ಲ. ಅಲ್ಲಿ ಬೇರೆ ಶಾಸನಗಳನ್ನು ಕೆತ್ತಿಸಲಾಗಿದೆ. ಯಾವ ಜನರನ್ನು ಕೊಂದದ್ದಕ್ಕೆ ರಾಜ ಮರುಗಿದನೋ ಆ ಜನರ ಕಣ್ಣಿಗೆ ಮಾತ್ರ ಆ ಮರುಕ ಬೀಳಲಿಲ್ಲ.

ಈ ಕಥೆಯೊಳಗೆ ಮತ್ತೆ ಮತ್ತೆ ತುರುಕಲಾದ ಮನುಷ್ಯ ಲೆನರ್ಡ್ ಚೆಷೈರ್. ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಓಡಾಡುವವರಿಗೆ ಅಲ್ಲಿನ ಚೆಷೈರ್ ಹೋಮ್ ಗೊತ್ತಿರಬಹುದು. ಆ ಹೆಸರು ಇವರದೇ. 1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಮಾನಗಳ ಪೈಲಟ್. ಬಾಂಬರ್ ಕಮಾಂಡಿನಲ್ಲಿ ಹಾರಿದ ಸುಮಾರು 1,25,000 ಜನರಲ್ಲಿ 55,573 ಮಂದಿ ಸತ್ತರು. ಇವರು ನೂರು ದಾಳಿಗಳಿಗೆ ಹೋಗಿ ಬದುಕಿ ಬಂದರು. ವಿಕ್ಟೋರಿಯಾ ಕ್ರಾಸ್ ಪದಕ ಸಾಮಾನ್ಯವಾಗಿ ಒಂದು ದಿನದ, ಒಂದು ಗಳಿಗೆಯ ಸಾಹಸಕ್ಕೆ ಸಿಗುವಂಥದ್ದು. 1944ರಲ್ಲಿ ಚೆಷೈರ್ ಅವರಿಗೆ ಅದು ಸಿಕ್ಕಿದ್ದು ನಾಲ್ಕು ವರ್ಷ ಬಿಡದೆ ತೋರಿದ ಧೈರ್ಯಕ್ಕೆ. 1945ರ ಆಗಸ್ಟ್ 9ರಂದು ನಾಗಸಾಕಿಯ ಮೇಲೆ ಅಣುಬಾಂಬ್ ಬಿದ್ದಾಗ ಬ್ರಿಟನ್ನಿನ ಅಧಿಕೃತ ವೀಕ್ಷಕರಾಗಿ ಅವರು ಇನ್ನೊಂದು ವಿಮಾನದಲ್ಲಿದ್ದರು.

ಮೂರೇ ವರ್ಷಕ್ಕೆ ಅವರು ಒಬ್ಬ ರೋಗಿಯ ಮಲಮೂತ್ರ ಬಳಿಯುತ್ತಿದ್ದರು. ಎರಡನ್ನೂ ಗಂಟು ಹಾಕಲು ಪತ್ರಿಕೆಗಳಿಗೆ ಹೊತ್ತು ಹಿಡಿಯಲಿಲ್ಲ: ನಾಗಸಾಕಿ ಕಂಡರು, ನಡುಗಿದರು, ಬದಲಾದರು. ಚೆಷೈರ್ ಇದನ್ನು ಒಪ್ಪಲಿಲ್ಲ. ಬಾಂಬು ಯುದ್ಧವನ್ನು ನಿಲ್ಲಿಸಿತು, ಇನ್ನೂ ಹೆಚ್ಚು ಜನ ಸಾಯುವುದನ್ನು ತಪ್ಪಿಸಿತು ಎಂಬ ನಿಲುವು ಅವರದು. ಅಣ್ವಸ್ತ್ರ ಇಟ್ಟುಕೊಳ್ಳುವುದನ್ನೂ ಕೊನೆಯವರೆಗೆ ಸಮರ್ಥಿಸಿದರು. ನನಗೆ ಆ ನಿಲುವು ಒಪ್ಪಿಗೆಯಿಲ್ಲ. ಆ ವರ್ಷ ಮುಗಿಯುವುದರೊಳಗೆ ನಾಗಸಾಕಿಯಲ್ಲಿ ಸತ್ತವರು ಸುಮಾರು ಎಪ್ಪತ್ತು ಸಾವಿರ ಎಂದು ಅಂದಾಜು. ಯಾವ ಲೆಕ್ಕವೂ ಅದನ್ನು ಸರಿದೂಗಿಸಲಾರದು ಎಂದೇ ನಾನು ನಂಬಿದ್ದೇನೆ. ಆದರೆ ಅವರು ಪಡದ ಪಶ್ಚಾತ್ತಾಪವನ್ನು ಅವರ ತಲೆಗೆ ಕಟ್ಟುವ ಹಕ್ಕು ನನಗಿಲ್ಲ.

ಪ್ರಾಯಶ್ಚಿತ್ತದ ಕಥೆಗೆ ನನ್ನ ಆಕ್ಷೇಪ ಅದು ಸುಳ್ಳು ಎಂಬುದಷ್ಟಕ್ಕೇ ನಿಲ್ಲುವುದಿಲ್ಲ. ಪ್ರಾಯಶ್ಚಿತ್ತ ಎಂದರೆ ಸಾಲ ತೀರಿಸುವುದು. ಯಾರ ಸಾಲ? ಅವರು ಹಾಕಿದ ಬಾಂಬು ಬಿದ್ದದ್ದು ಜರ್ಮನಿಯ ಕಲೋನಿನ ಮೇಲೆ. ಹಾಸಿಗೆ ಹಾಸಿದ್ದು ಇಂಗ್ಲೆಂಡಿನ ಹ್ಯಾಂಪ್‌ಶೈರಿನಲ್ಲಿ. ಒಬ್ಬರಿಗೆ ಬಾಕಿ ಇಟ್ಟು ಇನ್ನೊಬ್ಬರಿಗೆ ಕೊಟ್ಟರೆ ಸಾಲ ತೀರುತ್ತದೆಯೆ? ಈ ಲೆಕ್ಕದಲ್ಲಿ ಆರೈಕೆ ಪಡೆದ ಮನುಷ್ಯ ಬರೀ ಕಂತಿನ ಹಣವಾಗಿಬಿಡುತ್ತಾನೆ. ಅವನಿಗೆ ಹೆಸರು, ನೋವು, ಸ್ವಭಾವ ಏನೂ ಬೇಕಾಗುವುದಿಲ್ಲ. ಇನ್ನೊಂದು ಕೆಡುಕು ಇದಕ್ಕಿಂತ ದೊಡ್ಡದು. ದಾಳಿಗೆ ಆದೇಶ ಕೊಟ್ಟ ಸರ್ಕಾರ, ಅದಕ್ಕೆ ಚಪ್ಪಾಳೆ ತಟ್ಟಿದ ನಾಗರಿಕರು, ಎಲ್ಲರ ಹೊಣೆಯೂ ಒಬ್ಬ ಪೈಲಟ್‌ನ ಮನಸ್ಸಾಕ್ಷಿಯ ಮೇಲೆ ಬೀಳುತ್ತದೆ. ಅವನು ಅತ್ತು ಸೇವೆ ಮಾಡಿದರೆ ಉಳಿದವರು ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ಹಾಗಾದರೆ ಆ ಎರಡು ಬದುಕುಗಳ ನಡುವೆ ಏನೂ ಸಂಬಂಧವಿಲ್ಲವೆ? ಇದೆ ಎಂದು ನನಗೆ ತೋರುವುದು 1944ರ ಫೆಬ್ರುವರಿಯ ಒಂದು ರಾತ್ರಿಯನ್ನು ನೋಡಿದಾಗ. ಫ್ರಾನ್ಸಿನ ಲಿಮೋಜ್‌ನಲ್ಲಿ ಜರ್ಮನರಿಗಾಗಿ ವಿಮಾನದ ಎಂಜಿನ್ ತಯಾರಿಸುತ್ತಿದ್ದ ಕಾರ್ಖಾನೆಯನ್ನು ಹೊಡೆಯಬೇಕಿತ್ತು. ರಾತ್ರಿ ಪಾಳಿಯಲ್ಲಿದ್ದವರು ಫ್ರೆಂಚರು, ಹೆಚ್ಚಿನವರು ಹೆಂಗಸರು. ಚೆಷೈರ್ ತಮ್ಮ ವಿಮಾನವನ್ನು ಕಾರ್ಖಾನೆಯ ಚಾವಣಿಗೆ ತಾಗುವಷ್ಟು ಕೆಳಕ್ಕೆ ಇಳಿಸಿ ಮೂರು ಸಲ ಬಾಂಬು ಹಾಕದೆ ಹಾರಿಸಿದರು. ಒಳಗಿದ್ದವರು ಓಡಿ ಪಾರಾಗಲಿ ಎಂದು. ಗುಟ್ಟಾಗಿ ಬಂದವನು ತಾನು ಬಂದಿದ್ದೇನೆಂದು ಮೂರು ಸಲ ಸಾರಿ ಹೇಳುವುದೆಂದರೆ ಶತ್ರುವಿನ ಫಿರಂಗಿಯನ್ನು ತನ್ನ ಕಡೆಗೆ ಕರೆದಂತೆ. ಆಮೇಲೆಯೇ ಗುರುತಿನ ಬಾಂಬು ಹಾಕಿದರು, ಹಿಂದಿನ ವಿಮಾನಗಳು ಕಾರ್ಖಾನೆಯನ್ನು ನೆಲಸಮ ಮಾಡಿದವು.

ಅವರಿಗೆ ಕೆಳಗಿರುವ ಮನುಷ್ಯ ಕಾಣುತ್ತಿದ್ದ, ಹತ್ತಿರ ಹೋದಾಗ. ನಾಗಸಾಕಿಯಲ್ಲಿ ಅವರಿದ್ದ ವಿಮಾನ ತಡವಾಗಿ ಬಂತು. ಬಲು ದೂರದಿಂದ ಕಂಡದ್ದು ಮೋಡ ಮಾತ್ರ. ಇದು ಅವರಿಗೆ ವಿನಾಯಿತಿ ಕೊಡುವ ಮಾತಲ್ಲ. ಬಾಂಬರ್ ಪೈಲಟ್‌ಗೆ ಊರು ಎತ್ತರದಿಂದಲೇ ಕಾಣುವುದು, ಹಾಗೆ ಕಾಣುವಂತೆಯೇ ಆ ಯುದ್ಧವನ್ನು ಹೂಡಲಾಗಿತ್ತು.

ಯುದ್ಧ ಮುಗಿದ ಮೇಲೆ ಅವರು ಸೇವೆಯನ್ನು ಹುಡುಕಿಕೊಂಡು ಹೋಗಲಿಲ್ಲ. ಮಾಜಿ ಸೈನಿಕರು ಒಟ್ಟಿಗೆ ದುಡಿದು ಬಾಳುವ ವಸಾಹತು ಕಟ್ಟಲು ಹೋಗಿ ಕೈಸುಟ್ಟುಕೊಂಡರು, ಸಾಲ ಉಳಿಯಿತು. ಹ್ಯಾಂಪ್‌ಶೈರಿನ ಲೆ ಕೋರ್ಟ್ ಎಂಬ ದೊಡ್ಡ ಖಾಲಿ ಮನೆ ಕೈಯಲ್ಲಿತ್ತು. ಆ ವಸಾಹತಿನಲ್ಲಿದ್ದ ಆರ್ಥರ್ ಡೈಕ್ಸ್ ಎಂಬಾತನಿಗೆ ಕ್ಯಾನ್ಸರ್, ಇನ್ನು ಉಳಿಯುವುದಿಲ್ಲ, ಹೋಗಲು ಜಾಗವಿಲ್ಲ ಎಂದು ಆಸ್ಪತ್ರೆಯಿಂದ ತಿಳಿಯಿತು. 1948ರಲ್ಲಿ ಚೆಷೈರ್ ಅವನನ್ನು ಮನೆಗೆ ಕರೆತಂದರು. ಶುಶ್ರೂಷೆ ಗೊತ್ತಿರಲಿಲ್ಲ. ಮೈ ಒರೆಸುವುದು, ಹಾಸಿಗೆ ಬದಲಿಸುವುದು, ಅಡುಗೆ, ಎಲ್ಲವನ್ನೂ ಮಾಡುತ್ತಲೇ ಕಲಿತರು. ಆಗಸ್ಟಿನಲ್ಲಿ ಡೈಕ್ಸ್ ತೀರಿಕೊಂಡ. ಅಷ್ಟರಲ್ಲಿ ಇನ್ನೊಬ್ಬ ರೋಗಿಯನ್ನು ಇಟ್ಟುಕೊಳ್ಳುತ್ತೀರಾ ಎಂದು ಕೇಳುವವರು ಬಂದಿದ್ದರು. ಚೆಷೈರ್ ಹೋಮ್‌ಗಳ ಹುಟ್ಟು ಇಷ್ಟೇ. ಯಾವ ವ್ರತವೂ ಇರಲಿಲ್ಲ. ಬಾಗಿಲಿಗೆ ಬಂದವರನ್ನು ಹಿಂದಕ್ಕೆ ಕಳಿಸಲು ಮನಸ್ಸು ಒಪ್ಪಲಿಲ್ಲ. 1955ರ ಹೊತ್ತಿಗೆ ಆ ಕೆಲಸ ಭಾರತಕ್ಕೂ ಬಂತು, ಮುಂಬಯಿಯ ಅಂಧೇರಿಯಿಂದ ಶುರುವಾಗಿ. 1959ರಲ್ಲಿ ಮುಂಬಯಿಯಲ್ಲೇ ಅವರ ಮದುವೆಯೂ ಆಯಿತು. ಪತ್ನಿ ಸ್ಯೂ ರೈಡರ್ ಕೂಡ ಯುದ್ಧದಲ್ಲಿ ದುಡಿದವರು. ಇಬ್ಬರೂ ಸೇರಿ ಡೆಹರಾಡೂನಿನಲ್ಲಿ ಕುಷ್ಠರೋಗಿಗಳಿಗೂ ನೆಲೆ ಕಲ್ಪಿಸಿದರು.

ಇಲ್ಲಿಗೆ ನಿಲ್ಲಿಸಿದರೆ ನಾನೂ ಇನ್ನೊಂದು ಸಿದ್ಧ ಕಥೆ ಹೇಳಿದಂತಾಗುತ್ತದೆ. ಅದೇ ಲೆ ಕೋರ್ಟ್‌ನಲ್ಲಿ 1956ರಿಂದ ಪಾಲ್ ಹಂಟ್ ಎಂಬ ಯುವಕನಿದ್ದ, ಸ್ನಾಯುಕ್ಷಯದಿಂದ ಗಾಲಿಕುರ್ಚಿಯಲ್ಲಿದ್ದವನು. ಯಾವಾಗ ಮಲಗಬೇಕು, ಯಾವಾಗ ಹೊರಗೆ ಹೋಗಬೇಕು ಎಂಬುದನ್ನು ಆಡಳಿತದವರೇ ತೀರ್ಮಾನಿಸುವುದನ್ನು ಅವನೂ ಜೊತೆಯವರೂ ವಿರೋಧಿಸಿದರು. ಮನೆಯ ಆಡಳಿತದಲ್ಲಿ ತಮಗೂ ಮಾತಿರಬೇಕೆಂದು ವರ್ಷಗಟ್ಟಲೆ ಹೋರಾಡಿದರು. ಮುಂದೆ 1972ರಲ್ಲಿ ಹಂಟ್ ಗಾರ್ಡಿಯನ್ ಪತ್ರಿಕೆಗೆ ಬರೆದ ಒಂದು ಪತ್ರದಿಂದ ಬ್ರಿಟನ್ನಿನ ಅಂಗವಿಕಲರ ಹಕ್ಕಿನ ಚಳವಳಿಗೆ ದೊಡ್ಡ ಬಲ ಬಂತು. ನಮ್ಮನ್ನು ಸಂಸ್ಥೆಗಳಲ್ಲಿ ಬೇರೆ ಇಡಬೇಡಿ, ಸಮಾಜದ ನಡುವೆ ಬದುಕಲು ಬಿಡಿ ಎಂಬುದು ಆ ಚಳವಳಿಯ ತಿರುಳು. ಚೆಷೈರ್ ಅವರ ಕರುಣೆ ಕಟ್ಟಿದ ಮನೆಯಿಂದಲೇ ಆ ಕರುಣೆಯ ಮಿತಿಯನ್ನು ತೋರಿಸುವ ದನಿ ಎದ್ದಿತು. ಇದನ್ನು ಕೃತಘ್ನತೆ ಎಂದವರೂ ಇದ್ದಿರಬೇಕು. ನನಗೆ ಮಾತ್ರ ಇದು ಚೆಷೈರ್ ಅವರ ನೆನಪಿನ ಭಾಗವೇ. ಡೈಕ್ಸ್ ಸಾಯಲು ಬಂದವನು, ಅವನಿಗೆ ಆಸರೆ ಸಾಕಿತ್ತು. ಹಂಟ್ ಬದುಕಲು ಬಂದವನು, ಅವನಿಗೆ ಆಸರೆ ಸಾಲದಾಯಿತು.

ಚೆಷೈರ್ 1992ರ ಜುಲೈ 31ರಂದು ತೀರಿಕೊಂಡರು. ಸ್ನಾಯುಗಳು ಒಂದೊಂದಾಗಿ ಸೋಲುವ ನರರೋಗ. ಕೊನೆಯ ದಿನಗಳಲ್ಲಿ ಅವರೂ ಇನ್ನೊಬ್ಬರ ಕೈಯ ಆರೈಕೆಯಲ್ಲಿದ್ದರು.

ಕೊಡಗಿನಲ್ಲಿ, ಬೆಳಗಾವಿಯಲ್ಲಿ, ನಿಮ್ಮ ಊರಿನಲ್ಲೂ ಇಂಥ ನಿವೃತ್ತ ಯೋಧರು ಇದ್ದಾರೆ: ಶಾಲೆಗೆ, ರಕ್ತದಾನಕ್ಕೆ, ನೆರೆ ಪರಿಹಾರಕ್ಕೆ ಓಡಾಡುವವರು. ಅವರು ಹೋದ ಮೇಲೆ ನುಡಿನಮನ ಬರೆಯುವ ಪಾಳಿ ನಿಮಗೆ ಬಂದರೆ, ಅವರು ಹೇಳದೇ ಇದ್ದ ಪಶ್ಚಾತ್ತಾಪವನ್ನು ದಯವಿಟ್ಟು ಸೇರಿಸಬೇಡಿ. ಯುದ್ಧದಲ್ಲಿ ಏನು ಮಾಡಿದರು ಎಂಬುದನ್ನು ಇದ್ದಂತೆ ಬರೆಯಿರಿ. ಅವರಿಂದ ಸಹಾಯ ಪಡೆದವರಲ್ಲಿ ಇಬ್ಬರನ್ನಾದರೂ ಮಾತಾಡಿಸಿ, ಹೊಗಳುವ ಒಬ್ಬರನ್ನು, ಜಗಳವಾಡಿದ ಒಬ್ಬರನ್ನು.