ಗಾಳಿಗೂ ಒಂದು ಬಾಗಿಲು

ಆಷಾಢ ಬಂದದ್ದನ್ನು ಚಿತ್ರದುರ್ಗದ ಮನೆಗಳಲ್ಲಿ ಬಾಗಿಲೇ ಹೇಳುತ್ತದೆ. ಯಾರೋ ಹಿತ್ತಲ ಬಾಗಿಲು ತೆರೆದಿಟ್ಟಿರುತ್ತಾರೆ, ಮುಂಬಾಗಿಲು ಧಡಾರನೆ ಬಡಿದುಕೊಳ್ಳುತ್ತದೆ, ಗೋಡೆಯ ಮೇಲಿನ ಕ್ಯಾಲೆಂಡರು ಎದ್ದು ಕೂರುತ್ತದೆ. ಮುಂಗಾರಿನ ಮೋಡಗಳು ತಮ್ಮ ನೀರನ್ನೆಲ್ಲ ಪಶ್ಚಿಮ ಘಟ್ಟದಲ್ಲೇ ಸುರಿದು ಮುಗಿಸಿ, ನಮ್ಮ ಬಯಲಿಗೆ ಬರುವ ಹೊತ್ತಿಗೆ ಕೈಯಲ್ಲಿ ಉಳಿಸಿಕೊಂಡಿರುವುದು ಗಾಳಿಯನ್ನಷ್ಟೇ. ಹೊಳಲ್ಕೆರೆಯ ಅಡಿಕೆ ತೋಟಗಳಿಗೆ ನಾಲ್ಕು ಹನಿ ಹೆಚ್ಚು, ಹಿರಿಯೂರಿಗೆ ಕಡಿಮೆ ಎಂಬ ವ್ಯತ್ಯಾಸ ಮಳೆಗಿದೆ. ಗಾಳಿಗೆ ಅಂಥ ಪಂಕ್ತಿಭೇದವಿಲ್ಲ. ಜೋಗಿಮಟ್ಟಿಯಿಂದ ಹೊಸದುರ್ಗದ ಕಡೆಯವರೆಗೆ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದು ಸುಮ್ಮನೆ ಅಲ್ಲ. ಅಲ್ಲಿ ಕರೆಂಟು ಕೊಡುವ ಗಾಳಿಯೇ ಊರೊಳಗೆ ಇಳಿದು ಬಾಗಿಲ ಹಿಂಜ್ ಕೀಳುತ್ತದೆ.

ಹಿಮ ಬೀಳುವ ದೇಶಗಳಲ್ಲಿ ಮುಂಬಾಗಿಲಿನ ಹೊರಗೆ ಗಾಳಿಮಳೆಯ ಹೊಡೆತ ತಿನ್ನಲೆಂದೇ ಇನ್ನೊಂದು ಬಾಗಿಲು ಕೂರಿಸುತ್ತಾರೆ. ನಮ್ಮಲ್ಲಿ ಆ ಜಾಗ ಜಾಲರಿ ಬಾಗಿಲಿನದು, ಇಲ್ಲವೇ ಕಬ್ಬಿಣದ ಗ್ರಿಲ್ಲಿನದು. ಮನೆ ಕಟ್ಟಿಸುವವರು ತೇಗದ ತಲೆಬಾಗಿಲಿಗೆ ಬಳ್ಳಿ, ನವಿಲು ಕೆತ್ತಿಸಲು ತಿಂಗಳುಗಟ್ಟಲೆ ಓಡಾಡುತ್ತಾರೆ. ಹೊರಬಾಗಿಲು ನೆನಪಾಗುವುದು ಗೃಹಪ್ರವೇಶದ ಹಿಂದಿನ ವಾರ, ದುಡ್ಡೂ ತಾಳ್ಮೆಯೂ ಮುಗಿದ ಮೇಲೆ. ವರ್ಷವಿಡೀ ಬಿಸಿಲು, ಧೂಳು, ಹೊಡೆತ ತಿನ್ನುವುದು ಮಾತ್ರ ಅದೇ.

ನಮ್ಮ ಮನೆಗೆ ಇಂಥದ್ದೊಂದನ್ನು ಕೂರಿಸಲು ಬಂದ ವೆಲ್ಡಿಂಗ್ ಕೆಲಸದವನು ಟೇಪು ಬಿಚ್ಚುವ ಮೊದಲೇ ಕೇಳಿದ: "ಗಾಳಿ ಯಾವ ಕಡೆಯಿಂದ ಹೊಡೀತದೆ ಸಾರ್?" ವಾಸ್ತು ನೋಡಿದವರು ಎಂಟೂ ದಿಕ್ಕು ಕೇಳಿದ್ದರು, ಇದನ್ನು ಕೇಳಿರಲಿಲ್ಲ. ಉತ್ತರಕ್ಕೆ ಮುಖ ಮಾಡಿದ ಮನೆ, ಗಾಳಿ ಪಡುವಣದ್ದು. ಹಾಗಾದರೆ ಹಿಂಜ್ ಪಡುವಣ ಬದಿಗೇ ಇರಬೇಕು ಎಂದ. ಹೊರಕ್ಕೆ ತೆರೆಯುವ ಬಾಗಿಲಿನ ಹಿಂಜ್ ಗಾಳಿ ಬರುವ ಬದಿಗಿದ್ದರೆ ಗಾಳಿ ಅದನ್ನು ಮುಚ್ಚಲು ನೋಡುತ್ತದೆ. ಆಚೆ ಬದಿಗಿದ್ದರೆ ತುಸು ಸಂದು ಸಿಕ್ಕರೂ ಸಾಕು, ಒಳಗೆ ಕೈ ಹಾಕಿ ರಪ್ಪನೆ ಗೋಡೆಗೆ ಅಪ್ಪಳಿಸುತ್ತದೆ. ಆ ಒಂದು ಪ್ರಶ್ನೆಗೆ ಅವನಿಗೆ ಕೂಲಿ ಇನ್ನಷ್ಟು ಕೊಡಬಹುದಿತ್ತು.

ಗಾಳಿಯ ಲೆಕ್ಕ ನಮ್ಮ ಅಂದಾಜಿಗೆ ಸಿಗುವಂಥದ್ದಲ್ಲ. ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಮೂರಡಿ ಅಗಲ, ಏಳಡಿ ಎತ್ತರದ ಮುಚ್ಚಿದ ಹಲಗೆಗೆ ಗಂಟೆಗೆ 36 ಕಿ.ಮೀ. ಗಾಳಿ ನೇರವಾಗಿ ಬಡಿದರೆ ಸುಮಾರು 12 ಕೆ.ಜಿ. ಒತ್ತಡ, 72 ಕಿ.ಮೀ. ಆದರೆ 50 ಕೆ.ಜಿ. ಹತ್ತಿರ. ಒಂದು ಸಿಮೆಂಟು ಚೀಲದ ಭಾರ ಬಾಗಿಲಿನ ಮೇಲೆ ಅಡ್ಡಡ್ಡ ಬಿದ್ದಂತೆ. ನಮ್ಮ ಬೀದಿಯ ಒಂದು ಮನೆಯವರು ಧೂಳು ಬರುತ್ತದೆಂದು ಗ್ರಿಲ್ ಬಾಗಿಲಿಗೆ ಉದ್ದಕ್ಕೂ ಪ್ಲಾಸ್ಟಿಕ್ ಶೀಟು ಬಿಗಿದರು. ಬಾಗಿಲು ಹಡಗಿನ ಹಾಯಿಯಾಯಿತು. ಅದೇ ಆಷಾಢದಲ್ಲಿ ಮೇಲಿನ ಹಿಂಜಿನ ಬೆಸುಗೆ ಬಿಟ್ಟು ಬಾಗಿಲು ಒಂದು ಕಿವಿಯಲ್ಲಿ ನೇತಾಡಿತು. ಶೀಟಿಲ್ಲದ ಪಕ್ಕದ ಮನೆಯ ಬರೀ ಜಾಲರಿಗೆ ಏನೂ ಆಗಲಿಲ್ಲ. ಅದು ಗಾಳಿಯನ್ನು ತಡೆಯಲು ಹೋಗಿರಲೇ ಇಲ್ಲ, ಅರ್ಧಕ್ಕರ್ಧ ದಾಟಿಸಿ ಅದರ ಸೊಕ್ಕು ಇಳಿಸಿತ್ತು, ಅಷ್ಟೆ.

ಭದ್ರತೆ ಎಂದರೆ ದಪ್ಪ ಎಂದು ನಾವು ನಂಬಿಬಿಟ್ಟಿದ್ದೇವೆ. ನಮ್ಮ ಊರಿನ ಏಳುಸುತ್ತಿನ ಕೋಟೆಯನ್ನು ಹತ್ತುವವರಿಗೂ ಕಣ್ಣಿಗೆ ಬೀಳುವುದು ಬಂಡೆಗಳ ಗಾತ್ರವೇ. ಆದರೆ ಕೋಟೆಯ ಬಾಗಿಲುಗಳು ಒಂದರ ಹಿಂದೊಂದು ನೇರ ಸಾಲಿನಲ್ಲಿಲ್ಲ. ದಾರಿ ತಿರುಗುತ್ತದೆ, ಮತ್ತೆ ತಿರುಗುತ್ತದೆ. ಆನೆಯೋ ದಂಡೋ ಓಡಿ ಬಂದು ಡಿಕ್ಕಿ ಹೊಡೆಯುವಷ್ಟು ನೇರ ಜಾಗವನ್ನು ಬಾಗಿಲಿನ ಮುಂದೆ ಉಳಿಸಿಲ್ಲ. ಎದುರಾಳಿಯ ಓಟವನ್ನೇ ಕದ್ದುಬಿಟ್ಟರೆ ಕದ ಅಷ್ಟೊಂದು ಗಟ್ಟಿ ಇರಬೇಕಾದ್ದಿಲ್ಲ. ಇಷ್ಟೆಲ್ಲ ಇದ್ದೂ ಗೋಡೆಯಲ್ಲೊಂದು ಕಿಂಡಿ ಉಳಿದಿತ್ತು. ಹೈದರಾಲಿಯ ಸೈನಿಕರು ಅದರಲ್ಲಿ ನುಸುಳಿದಾಗ ಅಲ್ಲಿ ಕೆಲಸಕ್ಕೆ ಬಂದದ್ದು ಕಲ್ಲಲ್ಲ, ಗಂಡ ಊಟಕ್ಕೆ ಕೂತ ಹೊತ್ತಿನಲ್ಲಿ ನೀರಿಗೆ ಬಂದ ಓಬವ್ವ ಮತ್ತು ಅವಳ ಒನಕೆ. ಸಂದಿಲ್ಲದ ಗೋಡೆಯನ್ನು ಯಾರೂ ಕಟ್ಟಲಾರರು. ಸಂದಿನ ಬಳಿ ಎಚ್ಚರವಾಗಿ ಒಬ್ಬರು ಇದ್ದಾರೆಯೇ ಎಂಬುದಷ್ಟೇ ಪ್ರಶ್ನೆ.

ಮನೆಯ ಹೊರಬಾಗಿಲಿಗೆ ಆ ಎಚ್ಚರವೆಂದರೆ ಸಣ್ಣಪುಟ್ಟ ರಗಳೆಗಳು. ಜಾಲರಿಯ ಕಣ್ಣುಗಳಲ್ಲಿ ಕೆಮ್ಮಣ್ಣಿನ ಧೂಳು ಕೂತರೆ ಅದೂ ಮೆಲ್ಲಗೆ ಮುಚ್ಚಿದ ಹಲಗೆಯೇ ಆಗುತ್ತದೆ, ಆದ್ದರಿಂದ ಬ್ರಷ್ ಹಾಕಿ ತೊಳೆಯಬೇಕು. ತೆರೆದಿಟ್ಟ ಬಾಗಿಲಿಗೆ ಕೊಕ್ಕೆ ಸಿಕ್ಕಿಸಲೇಬೇಕು. ಕಲ್ಲು ಒತ್ತರಿಸುವ ಪದ್ಧತಿ ಕಾಲ್ಬೆರಳುಗಳಿಗೆ ಒಳ್ಳೆಯದಲ್ಲ. ಮರದ ಚೌಕಟ್ಟಿನಲ್ಲಿ ಸ್ಕ್ರೂ ಸಡಿಲಾಗಿ ಸುಮ್ಮನೆ ತಿರುಗುತ್ತಿದ್ದರೆ, ಅದನ್ನು ಬಿಚ್ಚಿ, ಆ ತೂತಿಗೆ ತಲೆ ಮುರಿದ ಬೆಂಕಿಕಡ್ಡಿಗಳನ್ನು ಫೆವಿಕಾಲಿನಲ್ಲಿ ಅದ್ದಿ ತುರುಕಿ, ಒಣಗಿದ ಮೇಲೆ ಮತ್ತೆ ಬಿಗಿದರೆ ಹಿಡಿಯುತ್ತದೆ. ತುಕ್ಕು ಹಿಡಿದ ಕಡೆ ಮರಳು ಕಾಗದದಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಆಮೇಲೆ ಬಣ್ಣ. ಬಾಗಿಲು ನೆಲಕ್ಕೆ ತಾಗಿ ಕೀರೆಂದರೆ ಹಲವರು ತಕ್ಷಣ ಕೆಳಗಿನ ಅಂಚನ್ನು ಉಜ್ಜಿಸಿ ತೆಗೆಸುತ್ತಾರೆ. ರೋಗ ಸಾಮಾನ್ಯವಾಗಿ ಕೆಳಗಿರುವುದಿಲ್ಲ. ಬಾಗಿಲಿನ ಭಾರ ಮೇಲಿನ ಹಿಂಜನ್ನು ಚೌಕಟ್ಟಿನಿಂದ ಆಚೆಗೆ ಎಳೆಯುತ್ತದೆ, ಕೆಳಗಿನದನ್ನು ಚೌಕಟ್ಟಿಗೆ ಒತ್ತುತ್ತದೆ. ಹೀಗಾಗಿ ಜೋತು ಬೀಳುವುದು ಮೇಲಿನಿಂದ ಶುರು.

ಜ್ಯೇಷ್ಠ ಮುಗಿಯುವುದರೊಳಗೆ ಒಂದು ಭಾನುವಾರ ಸ್ಟೂಲು ಹಾಕಿಕೊಂಡು ಆ ಮೇಲಿನ ಹಿಂಜಿನ ಸ್ಕ್ರೂಗಳನ್ನು ಬಿಗಿದು, ಎರಡು ತೊಟ್ಟು ಎಣ್ಣೆ ಬಿಡಿ. ಆಷಾಢದಲ್ಲಿ ವೆಲ್ಡಿಂಗ್ ಅಂಗಡಿಯವನು ಕೈಗೆ ಸಿಗುವುದಿಲ್ಲ.