ಕೂಡಿ ಬಂದವರೂ ನೆಲೆ ನಿಂತವರೂ



ಒಬ್ಬನು ಸುವಾರ್ತೆಯನ್ನು ಕೇಳಲು ಬಂದಾಗ ಯಾವ ಕಾರಣದಿಂದ ಬಂದನೆಂದು ವಿಚಾರಿಸಬೇಕೋ, ಇಲ್ಲವೆ ಬಂದ ಮೇಲೆ ಏನಾದನೆಂದು ನೋಡಿದರೆ ಸಾಕೋ? ಇದು ಪಂಡಿತರು ಮಾತ್ರ ಚರ್ಚಿಸತಕ್ಕ ಪ್ರಶ್ನೆಯಲ್ಲ. “ನಿಮ್ಮ ಹಿರಿಯರು ಕಾಳಿಗಾಗಿ ಮತ ಬಿಟ್ಟರು, ಶಾಲೆಗಾಗಿ ಸಭೆ ಸೇರಿದರು” ಎಂಬ ನಿಂದೆಯನ್ನು ಬಾವಿಯ ಕಟ್ಟೆಯಲ್ಲಾಗಲಿ ಸಂತೆಯಲ್ಲಾಗಲಿ ಕೇಳದವರು ನಮ್ಮಲ್ಲಿ ಎಷ್ಟು ಮಂದಿ? ಈ ನಿಂದೆಗೆ ಸಿಟ್ಟಿನಿಂದ ಉತ್ತರ ಕೊಡುವುದಕ್ಕೆ ಮುಂಚೆ ಅದರೊಳಗಿರುವ ಪ್ರಶ್ನೆಯನ್ನು ತೂಗಿ ನೋಡುವುದು ಒಳ್ಳೇದು. ಅದಕ್ಕೆ ದೂರದ ಸ್ಕಾಟ್ಲೆಂಡ್ ದೇಶದ ಒಂದು ಸಂಗತಿಯು ದೃಷ್ಟಾಂತವಾಗಿದೆ; ಯಾಕಂದರೆ ಕಾಳಿಗೂ ಬಟ್ಟೆಗೂ ಕೊರತೆಯಿಲ್ಲದವರ ನಡುವೆಯೂ ಇದೇ ಪ್ರಶ್ನೆಯು ಹುಟ್ಟತಕ್ಕದ್ದಾಗಿತ್ತು.

1884ನೇ ಇಸವಿಯ ದಶಂಬರದಲ್ಲಿ, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಓದಿ ಮುಗಿಸಿದ್ದ ಇಬ್ಬರು ಯೌವನಸ್ಥರು ಎಡಿನ್‌ಬರೋ ಪಟ್ಟಣದ ವಿದ್ಯಾರ್ಥಿಗಳಿಗೆ ಸಾಕ್ಷಿ ಹೇಳಲು ಹೋದರು. ಎಡಿನ್‌ಬರೋ ಸ್ಕಾಟ್ಲೆಂಡಿನ ರಾಜಧಾನಿ. ಅಲ್ಲಿಯ ವಿಶ್ವವಿದ್ಯಾಲಯವು ವೈದ್ಯಶಾಸ್ತ್ರಕ್ಕೆ ಲೋಕಪ್ರಸಿದ್ಧವಾದದ್ದು. ಬಂದವರಲ್ಲಿ ಒಬ್ಬನು ಸಿ. ಟಿ. ಸ್ಟಡ್. ಇವನು 1882ರಲ್ಲಿ ಇಂಗ್ಲೆಂಡಿನ ಪಕ್ಷದಲ್ಲಿ ಆಸ್ಟ್ರೇಲಿಯದವರಿಗೆ ಎದುರಾಗಿ ಕ್ರಿಕೆಟ್ ಆಡಿದವನು. ಇನ್ನೊಬ್ಬನಾದ ಸ್ಟಾನ್ಲಿ ಸ್ಮಿತ್ತನು ಅದೇ ವರುಷ ಕೇಂಬ್ರಿಜ್‌ನವರ ದೋಣಿಪಂದ್ಯದಲ್ಲಿ ಹುಟ್ಟುಹಾಕಿದವನು. ಸ್ಮಿತ್ತನು ಮಾತಿನಲ್ಲಿ ಚತುರನು. ಸ್ಟಡ್ಡನಿಗಾದರೋ ವಾಕ್ಚಾತುರ್ಯವು ಹೆಚ್ಚಾಗಿರಲಿಲ್ಲ. ಆದಾಗ್ಯೂ ವಿದ್ಯಾರ್ಥಿಗಳು ಗುಂಪುಗುಂಪಾಗಿ ಕೂಡಿ ಬಂದರು. ದೇವರ ವಾಕ್ಯಕ್ಕೆ ಹಸಿದು ಬಂದವರು ಕೆಲವರಿದ್ದಾರು. ಆದರೆ ಹೆಸರಾಂತ ಆಟಗಾರನ ಮುಖ ನೋಡುವುದಕ್ಕೆ ಬಂದವರೇ ಬಹಳ ಎಂದರೆ ತಪ್ಪಾಗಲಾರದು.

ಇದು ಗಾಳಕ್ಕೆ ಎರೆಹುಳು ಸಿಕ್ಕಿಸಿದಂತಲ್ಲವೇ ಎಂದು ಒಬ್ಬನು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಮೀನು ಎರೆಯನ್ನು ಕಂಡು ಬರುತ್ತದೆ. ಒಳಗಿನ ಕೊಕ್ಕೆಯು ಅದಕ್ಕೆ ಕಾಣದು. ಒಂದನ್ನು ತೋರಿಸಿ ಇನ್ನೊಂದನ್ನು ಮರೆಮಾಡುವುದೇ ಗಾಳದ ದೋಷ. ಇವರಿಬ್ಬರಾದರೋ ಯಾವುದನ್ನೂ ಮರೆಮಾಡಲಿಲ್ಲ. ಯಾವ ಕೀರ್ತಿಯನ್ನು ನೋಡಲು ಜನರು ಬಂದರೋ ಅದೇ ಕೀರ್ತಿಯನ್ನು ಬಿಟ್ಟು ಚೀನ ದೇಶಕ್ಕೆ ಹೋಗುತ್ತೇವೆಂದು ಅವರು ಜನರ ಮುಂದೆಯೇ ತಿಳಿಸಿದರು. 1885ರ ಫೆಬ್ರವರಿ 5ರಂದು ಇನ್ನೈವರೊಡನೆ ಹೊರಟೂ ಹೋದರು. ಮುಂದೆ ಸ್ಟಡ್ಡನು ತಂದೆಯಿಂದ ತನಗೆ ಬಂದ ದೊಡ್ಡ ಆಸ್ತಿಯನ್ನು ದೇವರ ಕೆಲಸಕ್ಕೂ ಬಡವರಿಗೂ ಹಂಚಿಕೊಟ್ಟನು. 1900ರಿಂದ 1906ರ ವರೆಗೆ ನಮ್ಮ ನೆರೆಯ ನೀಲಗಿರಿಯ ಉದಕಮಂಡಲದಲ್ಲಿ ಸಭಾಪಾಲಕನಾಗಿದ್ದವನು ಇವನೇ. ಆದ್ದರಿಂದ ಆ ವಿದ್ಯಾರ್ಥಿಗಳು ಎರೆಯನ್ನು ನೋಡಲು ಬಂದು, ಅದನ್ನು ಬಿಸಾಡುವವನನ್ನು ಕಂಡರು.

ಆದರೆ ಅತಿಥಿಗಳು ಎಷ್ಟು ದಿನ ಇದ್ದಾರು? ಅವರು ಹೋದ ಮೇಲೆ ಉತ್ಸಾಹವು ಹುಲ್ಲಿಗೆ ಬಿದ್ದ ಬೆಂಕಿಯಂತೆ ಆರಿಹೋಗಬಹುದಾಗಿತ್ತು. ಹಾಗಾಗದಂತೆ ಹೆನ್ರಿ ಡ್ರಮಂಡ್ ಎಂಬವನು ಮುಂದೆ ಬಂದನು. ಇವನು ಗ್ಲಾಸ್ಗೋ ಪಟ್ಟಣದ ದೈವಜ್ಞಾನಶಾಲೆಯಲ್ಲಿ ಪ್ರಕೃತಿಶಾಸ್ತ್ರವನ್ನು ಕಲಿಸುತ್ತಿದ್ದವನು. 1885ರಿಂದ ಹಲವು ವರುಷ ಎಡಿನ್‌ಬರೋ ವಿದ್ಯಾರ್ಥಿಗಳಿಗಾಗಿ ಆದಿತ್ಯವಾರ ಸಾಯಂಕಾಲದ ಕೂಟಗಳನ್ನು ನಡಿಸಿದನು. ಶಾಸ್ತ್ರ ಓದಿದವರ ಸಂದೇಹಗಳನ್ನು ಪಾಪವೆಂದು ಗದರಿಸದೆ ತಾಳ್ಮೆಯಿಂದ ಕೇಳಿದನು. ಬಳಿಕ ಆ ವಿದ್ಯಾರ್ಥಿಗಳೇ ಚಿಕ್ಕ ಗುಂಪುಗಳಾಗಿ ಗ್ಲಾಸ್ಗೋ, ಅಬರ್ಡೀನ್ ಮೊದಲಾದ ಪಟ್ಟಣಗಳ ವಿಶ್ವವಿದ್ಯಾಲಯಗಳಿಗೆ ಸಾಕ್ಷಿ ಹೇಳಲು ಹೋದರು. ಇವರಿಗೆ ಆಟದ ಕೀರ್ತಿಯಿರಲಿಲ್ಲ. ಅಲ್ಲಿಯವರಂತೆಯೇ ಪುಸ್ತಕ ಹಿಡಿದು ಪರೀಕ್ಷೆಗೆ ಹೆದರುತ್ತಿದ್ದ ಯೌವನಸ್ಥರು. ಹೀಗೆ ಕೆಲಸವು ಹೆಸರಾಂತವರ ಕೈಯಿಂದ ಹೆಸರಿಲ್ಲದವರ ಕೈಗೆ ಬಂತು. ಆದಿತ್ಯವಾರ ಆಡಿದ ಮಾತನ್ನು ಸೋಮವಾರದ ನಡತೆಯಿಂದ ಅಳೆಯಬಲ್ಲ ಸಂಗಡಿಗನ ಮುಂದೆ ಸಾಕ್ಷಿ ಹೇಳುವುದು, ಸಾವಿರ ಮಂದಿಯ ಸಭೆಯಲ್ಲಿ ಪ್ರಸಂಗಿಸುವುದಕ್ಕಿಂತ ಕಷ್ಟವಾದದ್ದು.

ನಮ್ಮ ಕರ್ತನು ಇಂಥವರೊಡನೆ ಹೇಗೆ ನಡೆದುಕೊಂಡನೆಂಬುದನ್ನು ಯೋಹಾನನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ನೋಡಿರಿ. ರೊಟ್ಟಿ ತಿಂದು ತೃಪ್ತರಾದ ಜನರು ಮರುದಿನ ಆತನನ್ನು ಹುಡುಕಿಕೊಂಡು ಬಂದಾಗ, ಅವರು ಹೊಟ್ಟೆಗಾಗಿ ಬಂದದ್ದನ್ನು ಆತನು ಮುಚ್ಚುಮರೆಯಿಲ್ಲದೆ ಹೇಳಿದನು. ಆದರೂ ಅವರನ್ನು ಅಟ್ಟಿಬಿಡದೆ ಜೀವದ ರೊಟ್ಟಿಯ ವಿಷಯವನ್ನು ಬೋಧಿಸಿದನು. ಮಾತು ಕಠಿಣವೆಂದು ಅನೇಕರು ಹಿಂದಿರುಗಿ ಹೋದಾಗ, ಅವರನ್ನು ಹಿಡಿದಿಡುವುದಕ್ಕಾಗಿ ಮತ್ತೊಮ್ಮೆ ರೊಟ್ಟಿ ಹಂಚಲಿಲ್ಲ. ನಮ್ಮ ಪ್ರಶ್ನೆಗೆ ಬೇಕಾದದ್ದೆಲ್ಲವೂ ಇಲ್ಲಿದೆ. ಹಸಿದವನು ಹಸಿವಿನಿಂದ ಬರುವುದೂ ಹುಡುಗನು ಕುತೂಹಲದಿಂದ ಬರುವುದೂ ನಾಚಿಕೆಯ ಮಾತಲ್ಲ. ಬರುವವನ ಕಾರಣಕ್ಕಿಂತ ಕರೆಯುವವನ ಸತ್ಯವೇ ಮೊದಲು ಪರೀಕ್ಷಿಸಲ್ಪಡತಕ್ಕದ್ದು. “ಸಭೆ ಸೇರಿದರೆ ಕೊಡುವೆನು” ಎನ್ನುವವನು ವ್ಯಾಪಾರಿಯು. ಅಂಥವನು ನಮ್ಮವನಾಗಿದ್ದರೂ ಅವನ ಪಕ್ಷವನ್ನು ಹಿಡಿಯಕೂಡದು. ಬರಗಾಲದಲ್ಲಿ ಸೇರಿದವನಿಗೂ ಸೇರದವನಿಗೂ ಒಂದೇ ಅಳತೆಯಲ್ಲಿ ಅಳೆದುಕೊಡುವವನು ನೆರೆಯವನು.

ಹೀಗಿರಲಾಗಿ, ಸಂತೆಯಲ್ಲಿ ನಿಂದಿಸುವವರಿಗೆ ನಾವು ಶಾಂತವಾಗಿ ಹೀಗೆ ಹೇಳಬಹುದು: “ನಮ್ಮ ಹಿರಿಯರಲ್ಲಿ ಕೆಲವರು ಹಸಿದು ಬಂದದ್ದು ನಿಜವಿರಬಹುದು. ಆ ಕಾಳು ಅಂದೇ ಮುಗಿಯಿತು. ನಾವು ಇನ್ನೂ ಇಲ್ಲಿಯೇ ಇದ್ದೇವೆ.” ಆದರೆ ಈ ಉತ್ತರವು ನಮ್ಮನ್ನೂ ಕೇಳುತ್ತದೆ. ಲಾಭವಿಲ್ಲದ ದಿನದಲ್ಲಿಯೂ ನಾವು ಸಭೆಗೆ ಹೋಗುತ್ತೇವೋ? ಸಾಲ ಕೊಟ್ಟವನಿಗೂ ಕೂಲಿಯವನಿಗೂ ನಮ್ಮ ಮಾತು ಒಂದೇಯೋ? ಇವುಗಳಿಗೆ ಉತ್ತರವಿಲ್ಲದವನು ನಿಂದಕನ ಬಾಯಿ ಮುಚ್ಚಲಾರನು.

ಈಗ ನಮ್ಮ ಮಕ್ಕಳೂ ಬೆಂಗಳೂರು, ಮೈಸೂರುಗಳಂಥ ಪಟ್ಟಣಗಳ ಕಾಲೇಜುಗಳಿಗೆ ಹೋಗುತ್ತಾರೆ. ಹಳ್ಳಿಯ ಹುಡುಗನ ಸಾಕ್ಷಿಯನ್ನು ಯಾರು ಕೇಳುವರೆಂದು ತಾಯಿತಂದೆಗಳು ಚಿಂತಿಸಬೇಡಿರಿ. ಪಕ್ಕದಲ್ಲಿ ಕೂತವನ ಮಾತಿಗೆ ಮೊದಲು ತಾನು ಕಿವಿಗೊಡಲೆಂದೂ, ಕೇಳಿದರೆ ತನ್ನ ನಂಬಿಕೆಯನ್ನು ಮರೆಮಾಡದೆ ಹೇಳಲೆಂದೂ, ಯಾರಿಗೂ ಆಸೆ ತೋರಿಸದಿರಲೆಂದೂ ಬುದ್ಧಿಹೇಳಿ, ಪ್ರಾರ್ಥನೆ ಮಾಡಿ ಕಳುಹಿಸಿರಿ.