ಟವೆಲ್ ಹಾಕಿದ ಸೀಟು

ಹೋದ ತಿಂಗಳು ಒಂದು ಭಾನುವಾರ ಹುನಗುಂದದಿಂದ ಗೆಳೆಯನ ಫೋನ್ ಬಂತು. ಆ ಕಡೆಯ ಸರ್ಕಾರಿ ಹೈಸ್ಕೂಲೊಂದರಲ್ಲಿ ಅವನು ಸಮಾಜ ವಿಜ್ಞಾನದ ಮಾಸ್ತರ. ಹುಟ್ಟೂರು ಬಾದಾಮಿ ಹತ್ತಿರದ ಹಳ್ಳಿ. ಬಾಗಲಕೋಟೆಯಲ್ಲಿ ಬಿ.ಎ. ಓದುವಾಗ ನಾವಿಬ್ಬರೂ ಒಂದೇ ರೂಮಿನಲ್ಲಿದ್ದವರು.

“ಲೇ, ನನ್ನ ಹಳೇ ಸ್ಟೂಡೆಂಟ್ ಒಬ್ಬಾಕಿ ಅದಾಳ, ನಿಮ್ಮ ಇಳಕಲ್‌ದಾಕಿನ. ಕೇಂಬ್ರಿಡ್ಜಿನ್ಯಾಗ ಎಂ.ಫಿಲ್‌ಗೆ ಆಫರ್ ಬಂದೈತಿ. ಇತ್ಲಾಗ ಧಾರವಾಡದಾಗ ಎಂ.ಎ. ಸೀಟೂ ಸಿಗಂಗೈತಿ. ಏನ್ ಮಾಡಬೇಕು ಅಂತ ಕೇಳಾಕತ್ತಾಳ. ನೀ ಬೆಂಗಳೂರಾಗ ಇರಾಂವ, ಇವೆಲ್ಲ ನಿನಗ ತಿಳೀತಾವು. ಒಂದೀಟು ಮಾತಾಡು.”

ಮಾತಾಡಿದೆ. ಐಹೊಳೆ, ಪಟ್ಟದಕಲ್ಲು, ಬಾದಾಮಿ ಅಂತ ಸುತ್ತಿ ಸುತ್ತಿ ಪುರಾತತ್ವದ ಹುಚ್ಚು ಹಿಡಿಸಿಕೊಂಡ ಹುಡುಗಿ. ಹುಚ್ಚು ಹಿಡಿಸಿದ್ದು ನಮ್ಮ ಮಾಸ್ತರನೇ. ಪ್ರತಿವರ್ಷ ಮಕ್ಕಳನ್ನು ಟೆಂಪೋದಲ್ಲಿ ತುಂಬಿಕೊಂಡು ಹೋಗುತ್ತಾನೆ. ನಾನು ಅವಳಿಗೆ ಹೇಳಿದ್ದಕ್ಕಿಂತ ಅವಳು ನನಗೆ ಹೇಳಿದ್ದೇ ಜಾಸ್ತಿ. ಕೇಂಬ್ರಿಡ್ಜಿನಲ್ಲಿ ಡಿಪಾರ್ಟ್‌ಮೆಂಟು ಒಪ್ಪಿದರೆ ಸಾಲದು, ಕಾಲೇಜೂ ಒಪ್ಪಬೇಕು. 31 ಕಾಲೇಜುಗಳಿವೆ, ಅರ್ಜಿಯಲ್ಲಿ ಎರಡರ ಹೆಸರು ಬರೆಯಬಹುದು, ಅವೆರಡೂ ಬೇಡ ಅಂದರೆ ಮೂರನೆಯದೊಂದು ಕರೆಯಬಹುದು. ಅದಾದ ಮೇಲೆ ದುಡ್ಡಿನ ಷರತ್ತು. ವರ್ಷದ ಫೀ, ಊಟ, ವಸತಿಗೆಲ್ಲ ಇಷ್ಟು ಹಣ ಇದೆ ಅಂತ ತೋರಿಸುವವರೆಗೆ ಆಫರ್ ಪಕ್ಕಾ ಅಲ್ಲ. ಅವಳ ಕೈಯಲ್ಲಿರುವುದು ಆ ಪಕ್ಕಾ ಅಲ್ಲದ ಕಾಗದ. ಸ್ಕಾಲರ್‌ಶಿಪ್ಪಿನ ಉತ್ತರ ಇನ್ನೂ ಬಂದಿಲ್ಲ.

ಇಷ್ಟಿದ್ದರೂ ಅವಳಿಗೆ ಕುತೂಹಲ ಇದ್ದದ್ದು ಬೇರೆ ವಿಷಯಗಳ ಬಗ್ಗೆ. ಊಟಕ್ಕೆ ಕರಿ ಗೌನು ಹಾಕಿಕೊಂಡು ಹೋಗಬೇಕಂತೆ, ಊಟಕ್ಕೆ ಮುಂಚೆ ಲ್ಯಾಟಿನ್ನಿನಲ್ಲಿ ಪ್ರಾರ್ಥನೆ ಹೇಳುತ್ತಾರಂತೆ, ಅಂಗಳದ ಹುಲ್ಲಿನ ಮೇಲೆ ಪ್ರೊಫೆಸರುಗಳು ಮಾತ್ರ ಕಾಲಿಡಬಹುದಂತೆ. “ಗೌನಿನ ಒಳಗ ಇಳಕಲ್ ಸೀರಿ ಉಟ್ರ ನಡೀತೈತೇನ್ರಿ ಸರ್?” ಅಂದಳು. ನಡೆಯಬಹುದು ಅಂದೆ. ಹುಲ್ಲಿನ ವಿಷಯದಲ್ಲಿ ಮಾತ್ರ ನನಗೆ ನಗು ಬಂತು. ನಮ್ಮಲ್ಲಿ ಹುಲ್ಲಿನ ಮೇಲೆ ಯಾರೂ ಕಾಲಿಡುವುದಿಲ್ಲ, ಹುಲ್ಲೇ ಇರುವುದಿಲ್ಲ.

ಈ ಎರಡು ವಿಶ್ವವಿದ್ಯಾಲಯಗಳಿಗೆ ಒಂದು ಹಳೆಯ ಸಂಬಂಧವಿದೆ. ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ, ಮುಂಬಯಿಯಲ್ಲಿ. ಮರುವರ್ಷ ಧಾರವಾಡಕ್ಕೆ ಬಂತು. ಅದನ್ನು ಛೋಟಾ ಮಹಾಬಳೇಶ್ವರದ ಗುಡ್ಡದ ಮೇಲೆ ಕಟ್ಟಿ ನಿಲ್ಲಿಸಿದವರು 1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಿ. ಸಿ. ಪಾವಟೆ. ಗೋಕಾಕ ಕಡೆಯ ಹಳ್ಳಿಯಿಂದ ಹೋಗಿ ಕೇಂಬ್ರಿಡ್ಜಿನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಓದಿ ‘ರ‍್ಯಾಂಗ್ಲರ್’ ಆಗಿ ಬಂದವರು. ಆ ಕಾಲೇಜು 1596ರದ್ದು. ಅಂದರೆ ನಾವು ಧಾರವಾಡದಲ್ಲಿ ‘ಹಳೇ ಯೂನಿವರ್ಸಿಟಿ’ ಅಂತ ತಲೆಬಾಗಿ ಒಳಗೆ ಹೋಗುತ್ತಿದ್ದ ಜಾಗಕ್ಕೆ ಅದರ ಮುಂದೆ ಕೂಸಿನ ವಯಸ್ಸು. ಆದರೆ ನಮ್ಮ ಕಾಲದಲ್ಲಿ ಬಾಗಲಕೋಟೆ ಜಿಲ್ಲೆಯ ಹುಡುಗರ ಡಿಗ್ರಿ ಸರ್ಟಿಫಿಕೇಟಿನ ಮೇಲೆ ಇರುತ್ತಿದ್ದದ್ದು ಧಾರವಾಡದ ಹೆಸರೇ. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು, ಈಗ ಜಮಖಂಡಿಯಲ್ಲೇ ಬಾಗಲಕೋಟೆ ವಿಶ್ವವಿದ್ಯಾಲಯ ಇದೆ. ಆದರೂ ನಮ್ಮ ಕಡೆ ದೊಡ್ಡವರ ಬಾಯಲ್ಲಿ ಎಂ.ಎ. ಅಂದರೆ ಇನ್ನೂ ಧಾರವಾಡವೇ.

ಮಾತು ಮುಗಿಸುವ ಮುಂಚೆ ಹುಡುಗಿ ಕೇಳಿದಳು: “ಸರ್, ಸ್ಕಾಲರ್‌ಶಿಪ್ ಬರೋಮಟ ಧಾರವಾಡದ ಸೀಟು ತಗೊಂಡ್ ಇಟ್ಕೊಳ್ಳೇನ್ರಿ? ಬಂತು ಅಂದ್ರ ಬಿಟ್ಟುಬಿಡ್ತೀನಿ. ತಪ್ಪಾಗೂದಿಲ್ಲಲ್ಲ?”

ನಾಳೆ ಹೇಳ್ತೀನಿ ಅಂದೆ. ಇಂಥ ಸರಳ ಪ್ರಶ್ನೆಗೆ ಒಂದು ದಿನ ಯಾಕೆ ಬೇಕಾಯಿತು ಅನ್ನುವುದೇ ಈ ಬರಹ.

2004ರ ಜುಲೈ. ಧಾರವಾಡದಲ್ಲಿ ಎಂ.ಎ. ಪ್ರವೇಶದ ಪಟ್ಟಿ ಹಚ್ಚುವ ದಿನ. ಇಳಕಲ್‌ನಿಂದ ನಸುಕಿನ ಬಸ್ಸು ಹತ್ತಿದೆ. ಗೆಳೆಯ ಬಾದಾಮಿಯಿಂದ ಕುಳಗೇರಿ ಕ್ರಾಸಿಗೆ ಬಂದು ಇದೇ ಬಸ್ಸು ಹಿಡಿಯುವುದು ಅಂತ ಮಾತಾಗಿತ್ತು. ಪಕ್ಕದ ಸೀಟಿಗೆ ಟವೆಲ್ ಹಾಕಿದೆ. ಹುನಗುಂದ, ಅಮೀನಗಡದವರೆಗೆ ತೊಂದರೆಯಿಲ್ಲ. ಬಾಗಲಕೋಟೆಯಲ್ಲಿ ಬಸ್ಸು ತುಂಬಿತು. ಬುಟ್ಟಿ ಹಿಡಿದ ಮುದುಕನೊಬ್ಬ ಟವೆಲ್ ನೋಡಿ, ನನ್ನ ಮುಖ ನೋಡಿ, “ಯಾರರ ಅದಾರೇನಪಾ?” ಅಂದ. “ಹೂನ್ರಿ, ಬರ್ತಾರ” ಅಂದೆ. ಅವನು ಕೆರೂರು ದಾಟಿ ಕುಳಗೇರಿ ಕ್ರಾಸಿನ ತನಕ ಆ ಟವೆಲ್ಲಿನ ಪಕ್ಕದಲ್ಲೇ ನಿಂತು ಬಂದ. ಗೆಳೆಯ ಹತ್ತಿದವನೇ ಕೂತ. ನನಗೆ ಆಗ ಅನಿಸಿದ್ದು ಹೆಮ್ಮೆ ಮಾತ್ರ. ದೋಸ್ತನ ಸೀಟು ಕಾಯ್ದಿದ್ದೆನಲ್ಲ.

ಪಟ್ಟಿಯಲ್ಲಿ ನನ್ನ ಹೆಸರಿತ್ತು. ಅವನದು ಗೆರೆಯ ಕೆಳಗೆ, ವೇಟಿಂಗ್ ಲಿಸ್ಟಿನಲ್ಲಿ ಮೊದಲನೆಯದು. “ಒಬ್ಬ ಬಿಟ್ರ ನಂದ” ಅಂತ ನಕ್ಕ. ಇಬ್ಬರೂ ಪೇಡೆ ತಿಂದು ವಾಪಸಾದೆವು. ನಾನು ಫೀ ಕಟ್ಟಿ, ಮಾರ್ಕ್ಸ್ ಕಾರ್ಡು, ಟಿ.ಸಿ. ಕೊಟ್ಟು ಸೀಟು ಹಿಡಿದೆ. ಹೊರರಾಜ್ಯದ ದೊಡ್ಡ ವಿಶ್ವವಿದ್ಯಾಲಯವೊಂದಕ್ಕೂ ಪರೀಕ್ಷೆ ಬರೆದಿದ್ದೆ, ಅದು ಅವನಿಗೂ ಗೊತ್ತಿತ್ತು.

ಅಲ್ಲಿಂದ ಪತ್ರ ಬಂದೇ ಬಂತು. ಅಪ್ಪ ಮಗ್ಗದ ಮೇಲಿದ್ದ. ಪತ್ರದಲ್ಲಿ ಏನಿದೆ ಅಂತ ಕೇಳಿ, “ರೊಕ್ಕ ಹೊಂದೂಮಟ ಕೈಯಾಗಿಂದು ಬಿಡಬ್ಯಾಡ” ಅಂದ. ಕೂಲಿಗೆ ಸೀರೆ ನೇಯುವವನ ಬಾಯಲ್ಲಿ ಬೇರೆ ಏನು ಬರಬೇಕು? ಸೀರೆ ಸಾವುಕಾರರ ಹತ್ತಿರ ಮಜೂರಿಯ ಮೇಲೆ ಕೇಳಿ ಒಂದು ವಾರದಲ್ಲಿ ದುಡ್ಡು ಹೊಂದಿಸಿದ. ಅಲ್ಲಿಗೆ ನಾನು ಧಾರವಾಡಕ್ಕೆ ಹೋಗಿ ಸೀಟು ಬಿಟ್ಟುಕೊಟ್ಟು ಬರಬೇಕಿತ್ತು. ಹೋಗಲಿಲ್ಲ. ಇಡೀ ದಿನದ ಬಸ್ ಪ್ರಯಾಣ, ಮಳೆ, ಇನ್ನೊಂದು ದಿನ ಹೋದರಾಯಿತು. ನಿಜ ಹೇಳಬೇಕೆಂದರೆ ಅದಷ್ಟೇ ಅಲ್ಲ. ಎರಡು ಕಡೆ ಸೀಟಿದೆ ಅಂತ ಓಣಿಯಲ್ಲಿ ಹೇಳಿಕೊಂಡು ತಿರುಗುವುದರಲ್ಲಿ ಒಂದು ಸುಖ ಇತ್ತು.

ಆ ದಿನಗಳಲ್ಲೇ ಗೆಳೆಯ ಎಸ್‌ಟಿಡಿ ಬೂತಿನಿಂದ ಪಕ್ಕದ ಮನೆಗೆ ಫೋನ್ ಮಾಡಿದ. “ಏನಾತಲೇ, ಹೋಗ್ತೀಯೋ ಹೆಂಗ?” ನಾನು ಹೇಳಿದ ಉತ್ತರ: “ಇನ್ನೂ ಪಕ್ಕಾ ಆಗಿಲ್ಲೋ.”

ಕಾಗದ ವಾಪಸು ತರಲು ಹೋದಾಗ ಪ್ರವೇಶದ ಕೊನೆಯ ದಿನ ದಾಟಿತ್ತು. ಗುಮಾಸ್ತರು ಬೈಯಲಿಲ್ಲ. ಫೈಲು ಹುಡುಕುತ್ತ, “ಎಂಟ ದಿನ ಮೊದಲ ಬಂದಿದ್ರ ವೇಟಿಂಗಿನ್ಯಾಗಿನ ಹುಡುಗಗ ಸಿಗತಿತ್ತಲ್ಲೋ ತಮ್ಮಾ” ಅಂದರು, ಅಷ್ಟೇ. ಆ ವರ್ಷ ಗೆಳೆಯ ಬಾದಾಮಿ ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡಿದ. ಮರುವರ್ಷ ಬಿ.ಎಡ್.ಗೆ ಸೇರಿದ. ಎಂ.ಎ. ಎಷ್ಟೋ ವರ್ಷದ ಮೇಲೆ, ಮನೆಯಲ್ಲೇ ಕೂತು ಓದಿ ಕಟ್ಟಿದ್ದು.

ಇಪ್ಪತ್ತು ವರ್ಷ ನಾನು ಇದಕ್ಕೆ ಕೊಟ್ಟುಕೊಂಡ ಸಮಜಾಯಿಷಿಗಳು ನಿಮಗೂ ಪರಿಚಿತವೇ. ನಿಯಮದಲ್ಲಿ ತಪ್ಪಿಲ್ಲ. ಎಲ್ಲರೂ ಮಾಡುತ್ತಾರೆ. ಬಡವರ ಮನೆಯ ಹುಡುಗನಿಗೆ ಇದೊಂದೇ ಇನ್ಶೂರೆನ್ಸು. ಈಗ ಆಫೀಸಿನಲ್ಲಿ ನೋಡಿ: ತೊಂಬತ್ತು ದಿನದ ನೋಟಿಸ್ ಪೀರಿಯಡ್ಡಿನಲ್ಲಿ ಕೈಯಲ್ಲಿ ಮೂರು ಆಫರ್ ಲೆಟರ್ ಇಟ್ಟುಕೊಂಡು, ಒಂದನ್ನು ತೋರಿಸಿ ಇನ್ನೊಂದನ್ನು ಏರಿಸಿ, ಸೇರುವ ದಿನ ಬೆಳಿಗ್ಗೆ ಇಬ್ಬರು ಎಚ್‌ಆರ್‌ಗಳ ಫೋನ್ ಎತ್ತದೆ ಇರುವುದು ನಮಗೆ ಚಾಲಾಕಿತನ ಅನಿಸುತ್ತದೆ. ಕಂಪನಿಗಳೂ ಆಫರ್ ಕೊಟ್ಟು ಹಿಂದಕ್ಕೆ ತಗೊಳ್ಳುತ್ತವೆ, ಲೆಕ್ಕ ಚುಕ್ತಾ ಅಂತೀವಿ. ಆದರೆ ಫೋನ್ ಎತ್ತದಿದ್ದಾಗ ಕಾಯುತ್ತ ಕೂತವನು ಕಂಪನಿಯಲ್ಲ. ಸೆಕೆಂಡ್ ಲಿಸ್ಟಿನಲ್ಲಿರುವ ಯಾರೋ ಒಬ್ಬ, ನಮ್ಮಂಥವನೇ.

‘ಎಲ್ಲರೂ ಹೀಗೇ ಮಾಡಿದರೆ ಏನಾದೀತು’ ಅನ್ನುವ ಪ್ರಶ್ನೆಯಿಂದ ಇದನ್ನು ಅಳೆಯಲು ನೋಡಿದೆ. ಎಲ್ಲರೂ ಟವೆಲ್ ಹಾಕಿದರೆ ಬಸ್ಸಿನ ತುಂಬ ಟವೆಲ್ಲೇ ಕೂತು ಜನ ನಿಂತುಕೊಳ್ಳಬೇಕಾಗುತ್ತದೆ, ನಿಜ. ಆದರೆ ಸೀಟು ಹಿಡಿಯುವುದೇ ತಪ್ಪು ಅನ್ನಲು ನನ್ನ ಮನಸ್ಸು ಒಪ್ಪಲಿಲ್ಲ. ಆಮೇಲೆ ನೆನಪಾದದ್ದು 1962ರ ಒಂದು ಪ್ರಬಂಧ. ಡೇವಿಡ್ ಗೇಲ್ ಮತ್ತು ಲಾಯ್ಡ್ ಶೇಪ್ಲಿ ಅನ್ನುವ ಇಬ್ಬರು ಗಣಿತಜ್ಞರು ಕಾಲೇಜು ಪ್ರವೇಶದ ಇದೇ ಪೇಚಾಟವನ್ನು ಕೈಗೆತ್ತಿಕೊಂಡು ಬರೆದದ್ದು. ಶೇಪ್ಲಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದರ ಹಿಂದೆ ಇದೂ ಇದೆ. ಅವರ ದಾರಿ ಸರಳ. ಬಂದ ಆಫರುಗಳಲ್ಲಿ ಒಳ್ಳೆಯದೊಂದನ್ನು ಸದ್ಯಕ್ಕೆ ಹಿಡಿದಿಟ್ಟುಕೋ. ಅದಕ್ಕಿಂತ ಒಳ್ಳೆಯದು ಬಂದ ಕೂಡಲೇ ಮೊದಲಿನದನ್ನು ಬಿಡು. ಬಿಟ್ಟದ್ದು ಮುಂದಿನವನಿಗೆ ಹೋಗುತ್ತದೆ, ಅವನು ಬಿಟ್ಟದ್ದು ಅದರ ಮುಂದಿನವನಿಗೆ. ಕೊನೆಗೆ ಎಲ್ಲರೂ ತಮಗೆ ದಕ್ಕುವ ಜಾಗಕ್ಕೆ ಬಂದು ನಿಲ್ಲುತ್ತಾರೆ. ಇದರಲ್ಲಿ ಹಿಡಿದಿಟ್ಟುಕೊಳ್ಳುವುದು ತಪ್ಪೇ ಅಲ್ಲ, ಅದಿಲ್ಲದೆ ಲೆಕ್ಕವೇ ನಡೆಯುವುದಿಲ್ಲ. ಆದರೆ ಯಾರ ಕೈಯಲ್ಲೂ ಒಂದು ಕ್ಷಣವೂ ಎರಡು ಇರುವುದಿಲ್ಲ.

ಅಪ್ಪ ದುಡ್ಡು ಹೊಂದಿಸುವವರೆಗಿನ ಆ ಒಂದು ವಾರಕ್ಕೆ ನಾನು ಯಾರಿಗೂ ಉತ್ತರ ಕೊಡಬೇಕಿಲ್ಲ. ಆಗ ನಿಜವಾಗಿಯೂ ನನ್ನ ಕೈಯಲ್ಲಿದ್ದದ್ದು ಒಂದೇ ಸೀಟು. ಆಮೇಲಿನ ಎರಡು ವಾರಕ್ಕೆ ಮಾತ್ರ ಯಾವ ನೆಪವೂ ಇಲ್ಲ.

ಇನ್ನೊಂದು ಸಮಾಧಾನ ಇದಕ್ಕಿಂತ ಗಟ್ಟಿಯಾಗಿತ್ತು: ಅವನಿಗೆ ಒಳ್ಳೆಯದೇ ಆಯಿತಲ್ಲ. ಸರ್ಕಾರಿ ನೌಕರಿ, ಸ್ವಂತ ಮನೆ, ಊರಲ್ಲಿ ಮರ್ಯಾದೆ. ಎಂ.ಎ. ಮಾಡಿದ್ದರೆ ನನ್ನ ಹಾಗೆ ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಕೂತಿರುತ್ತಿದ್ದ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಅನ್ನುವ ಇಬ್ಬರು ತತ್ವಶಾಸ್ತ್ರಜ್ಞರು ನೈತಿಕ ಅದೃಷ್ಟ ಅನ್ನುವ ಮಾತನ್ನು ಚರ್ಚೆಗೆ ತಂದರು. ಒಂದೇ ತಪ್ಪು ಮಾಡಿದ ಇಬ್ಬರಲ್ಲಿ ಒಬ್ಬನ ಕಾರಿಗೆ ಮಗು ಅಡ್ಡ ಬರುತ್ತದೆ, ಇನ್ನೊಬ್ಬನಿಗೆ ಬರುವುದಿಲ್ಲ. ನಾವು ಮೊದಲಿನವನನ್ನು ಮಾತ್ರ ಶಪಿಸುತ್ತೇವೆ. ನನಗೆ ಯಾವ ಮಗುವೂ ಅಡ್ಡ ಬರಲಿಲ್ಲ, ಅದಕ್ಕೇ ಇಷ್ಟು ವರ್ಷ ನಿದ್ದೆ ಬಂತು. ಆದರೆ ಅವನ ಬದುಕು ನೇರ್ಪಾಗಿದ್ದು ಅವನ ದುಡಿಮೆಯಿಂದ. ಅದನ್ನು ತೋರಿಸಿ ನನ್ನ ತಪ್ಪಿನಲ್ಲಿ ರಿಯಾಯಿತಿ ಕೇಳುವುದು ಅವನ ಜೇಬಿನಿಂದ ಎರಡನೇ ಸಲ ತೆಗೆದ ಹಾಗೆ.

ಹೀಗೆಲ್ಲ ಬರೆದು, ಅಂಕಣಕ್ಕೆ ಕಳಿಸುವ ಮುನ್ನ ಕೈ ತಡೆಯಿತು. ಅವನು ಇದನ್ನು ಓದುತ್ತಾನೆ. ಊರಿಗೆಲ್ಲ ಹೇಳಿ ಅವನಿಗೆ ಕೊನೆಗೆ ಹೇಳುವುದೇ? ಅದಕ್ಕೇ ಫೋನ್ ಮಾಡಿ ಹೇಳಿದೆ. ಪತ್ರ ಯಾವಾಗ ಬಂತು, ದುಡ್ಡು ಯಾವಾಗ ಹೊಂದಿತು, ಎಸ್‌ಟಿಡಿ ಬೂತಿನ ದಿನ ನಾನು ಹೇಳಿದ್ದು ಸುಳ್ಳು ಅಂತ.

ಆ ಕಡೆ ಬಹಳ ಹೊತ್ತು ಫ್ಯಾನಿನ ಸದ್ದು ಮಾತ್ರ ಕೇಳಿಸಿತು. ಆಮೇಲೆ ಅಂದ: “ಸೀಟ್ ಸಿಕ್ಕಿದ್ರೂ ನಮ್ಮಪ್ಪನ ಕಡೆ ಫೀ ಆಗತಿತ್ತೋ ಇಲ್ಲೋ ಯಾರಿಗ್ಗೊತ್ತು. ಆಗಂಗಿಲ್ಲ ಅಂತ ನಾನ ಬಿಡತಿದ್ದೆ ಏನೋ. ಆದ್ರ ಅದನ್ನ ನಾ ಬಿಡಬೇಕಿತ್ತಲೇ.” ಸ್ವಲ್ಪ ತಡೆದು, “ಒಂದ್ ವರ್ಷ ಮಂದಿ ಆಧಾರ, ರೇಷನ್ ಕಾರ್ಡ್ ಎಲ್ಲ ಝೆರಾಕ್ಸ್ ಹೊಡದೆ” ಅಂದ. ಆಗ ಆಧಾರ್ ಎಲ್ಲಿತ್ತೋ ಅಂದೆ. “ಹೌದಲ್ಲ, ಬರೀ ರೇಷನ್ ಕಾರ್ಡ್” ಅಂದ. ಇಬ್ಬರೂ ನಕ್ಕೆವು, ಆದರೆ ಮೊದಲಿನ ಹಾಗೆ ಅಲ್ಲ. ಆ ವಾರದ ಭಾನುವಾರ ಅವನ ಫೋನ್ ಬರಲಿಲ್ಲ. ಮುಂದಿನ ವಾರ ಬಂತು.

ಹುಡುಗಿಗೆ ನಾನು ಹೇಳಿದ್ದು ಇಷ್ಟು. ಸೀಟು ತಗೋ, ಸಂಕೋಚ ಬೇಡ. ಆದರೆ ಗೆರೆಯ ಕೆಳಗಿನ ಮೊದಲ ಹೆಸರು ಓದಿಕೊಂಡು ಬಾ. ಸ್ಕಾಲರ್‌ಶಿಪ್ ಬಂದ ದಿನ ಮನೆಯಲ್ಲಿ ಪೇಡೆ ಹಂಚುವ ಮುಂಚೆ ಧಾರವಾಡಕ್ಕೆ ಎರಡು ಸಾಲು ಬರೆ. ಅವಳು ಹೋಗಿ ಸೀಟು ತಗೊಂಡಳು. ಪಟ್ಟಿಯ ಫೋಟೋವನ್ನು ಅವಳ ಮಾಸ್ತರನಿಗೆ ಕಳಿಸಿದ್ದಳು, ಅವನು ನನಗೆ ಕಳಿಸಿದ. ಗೆರೆಯ ಕೆಳಗಿನ ಹೆಸರಿಗೆ ಅವಳೇ ಮೊಬೈಲಿನಲ್ಲಿ ಕೆಂಪು ಸುತ್ತು ಹಾಕಿದ್ದಳು. ಸ್ಕಾಲರ್‌ಶಿಪ್ಪಿನ ಉತ್ತರ ಇನ್ನೂ ಬಂದಿಲ್ಲ.